ಸೆಪ್ಟಿಮಾ ಕ್ಲಾರ್ಕ್: ಒಬ್ಬ ಉಪಾಧ್ಯಾಯಿನಿಯ ಚರಿತ್ರೆ

ರಾಜರಿಗೂ ಸೇನಾಪತಿಗಳಿಗೂ ಚರಿತ್ರಕಾರರುಂಟು. ಉಪಾಧ್ಯಾಯರಿಗೆ ಹಾಜರಿ ಪುಸ್ತಕವೇ ಚರಿತ್ರೆ. ನಲವತ್ತು ವರ್ಷ ಪಾಠ ಹೇಳಿ ಮನೆಗೆ ಹೋದವರ ವಿಷಯದಲ್ಲಿ ಬರೆಯತಕ್ಕದ್ದು ಏನಿದೆಯೆಂದು ಲೋಕ ಕೇಳುವುದು ಸಹಜವೇ. ಆದರೆ ನಲವತ್ತು ವರ್ಷ ಪಾಠ ಹೇಳಿದಮೇಲೆ ಒಂದು ಸಣ್ಣ ಪ್ರಶ್ನೆಗೆ ‘ಹೌದು’ ಎಂದು ಉತ್ತರ ಕೊಟ್ಟದ್ದಕ್ಕಾಗಿ ಕೆಲಸವನ್ನೂ ವಿಶ್ರಾಂತಿವೇತನವನ್ನೂ ಕಳೆದುಕೊಂಡು, ಅಲ್ಲಿಂದ ಮುಂದೆಯೇ ತಮ್ಮ ನಿಜವಾದ ಶಾಲೆಯನ್ನು ತೆರೆದ ಉಪಾಧ್ಯಾಯಿನಿಯೊಬ್ಬರು ಅಮೆರಿಕಾ ದೇಶದಲ್ಲಿದ್ದರು. ಆಕೆಯ ಹೆಸರು ಸೆಪ್ಟಿಮಾ ಪಾಯ್ನ್‌ಸೆಟ್ ಕ್ಲಾರ್ಕ್. ಅವರ ಜೀವಿತವನ್ನು ಈ ಹೊತ್ತು ತಮ್ಮ ಮುಂದೆ ಸಂಗ್ರಹವಾಗಿ ಹೇಳಬೇಕೆಂದಿದ್ದೇನೆ.

ಸೆಪ್ಟಿಮಾ ಹುಟ್ಟಿದುದು 1898ನೆಯ ಮೇ 3ರಂದು, ದಕ್ಷಿಣ ಕೆರೊಲೈನಾ ಸಂಸ್ಥಾನದ ಚಾರ್ಲ್‌ಸ್ಟನ್ ನಗರದಲ್ಲಿ. ಅಟ್ಲಾಂಟಿಕ್ ಸಾಗರದ ತೀರದ ಈ ರೇವುಪಟ್ಟಣವು ಒಂದು ಕಾಲದಲ್ಲಿ ಆಫ್ರಿಕದಿಂದ ಹಡಗುಗಳಲ್ಲಿ ತುಂಬಿ ತಂದ ಗುಲಾಮರ ದೊಡ್ಡ ಸಂತೆಯಾಗಿತ್ತು. ಗುಲಾಮನಿಗೆ ಬರವಣಿಗೆ ಕಲಿಸುವುದು ಅಪರಾಧವೆಂದು ಆ ಸೀಮೆಯವರು 1740ರಷ್ಟು ಹಿಂದೆಯೇ ಕಾನೂನು ಮಾಡಿದ್ದರು. ಅಕ್ಷರಕ್ಕೂ ಸ್ವಾತಂತ್ರ್ಯಕ್ಕೂ ಇರುವ ನಂಟು ಅಕ್ಷರ ಕಲಿತವರಿಗಿಂತ ಮೊದಲು ಅದನ್ನು ನಿಷೇಧಿಸಿದವರಿಗೇ ತಿಳಿದಿತ್ತೆಂದು ತೋರುತ್ತದೆ.

ಆಕೆಯ ತಂದೆ ಪೀಟರ್ ಪಾಯ್ನ್‌ಸೆಟ್ ಗುಲಾಮರಾಗಿಯೇ ಹುಟ್ಟಿದವರು. ಬಾಲ್ಯದಲ್ಲಿ ಅವರ ಕೆಲಸಗಳಲ್ಲಿ ಒಂದು ಒಡೆಯನ ಮನೆಯ ಮಕ್ಕಳನ್ನು ಪ್ರತಿದಿನವೂ ಶಾಲೆಗೆ ಕರೆದೊಯ್ದು ಮತ್ತೆ ಮನೆಗೆ ಕರೆತರುವುದು. ಶಾಲೆಯ ಬಾಗಿಲವರೆಗೆ ಮಾತ್ರ ಅವರಿಗೆ ಪ್ರವೇಶ. ಒಳಗಿನ ಪಾಠ ಅವರದಲ್ಲ. ತಮ್ಮ ಮಕ್ಕಳು ಬೇರಾವ ತಪ್ಪು ಮಾಡಿದರೂ ಸಹಿಸುತ್ತಿದ್ದ ಈ ಮೃದುಸ್ವಭಾವದ ಮನುಷ್ಯ, ಶಾಲೆಗೆ ಹೋಗಲೊಲ್ಲೆನೆಂದರೆ ಮಾತ್ರ ಕ್ಷಮಿಸುತ್ತಿರಲಿಲ್ಲವಂತೆ. ತಾಯಿ ವಿಕ್ಟೋರಿಯಾ ಹೈಟಿ ದ್ವೀಪದಲ್ಲಿ ಬೆಳೆದವರು. ಇನ್ನೊಬ್ಬರ ಮನೆಯಲ್ಲಿ ಆಳಾಗಿ ದುಡಿಯಲಾರೆನೆಂಬ ಅಭಿಮಾನದಿಂದ ತಮ್ಮ ಮನೆಯಲ್ಲಿಯೇ ಬಟ್ಟೆ ಒಗೆದು ಸಂಸಾರಕ್ಕೆ ನೆರವಾದವರು. ತಂದೆಯ ಮೃದುತ್ವವೂ ತಾಯಿಯ ಬಿಗಿಯೂ ಮಗಳಲ್ಲಿ ಒಂದಾಗಿ ಬೆರೆತಿದ್ದವು.

ಕರಿಯರ ವಿದ್ಯಾಭ್ಯಾಸಕ್ಕಾಗಿ ಕ್ರೈಸ್ತ ಸಂಘವೊಂದು 1865ರಲ್ಲಿ ಸ್ಥಾಪಿಸಿದ್ದ ಎವೆರಿ ಸಂಸ್ಥೆಯೆಂಬ ಖಾಸಗಿ ಶಾಲೆಯಲ್ಲಿ ಸೆಪ್ಟಿಮಾ ಓದಿದರು. ನೆರೆಮನೆಯ ದಂಪತಿಗಳ ಮಕ್ಕಳನ್ನು ನೋಡಿಕೊಂಡು, ಅದರಿಂದ ಬಂದ ಹಣದಿಂದ ಶುಲ್ಕವನ್ನು ಸಲ್ಲಿಸಿ, 1916ರಲ್ಲಿ ಉಪಾಧ್ಯಾಯಿನಿಯಾಗಲು ಅರ್ಹತೆ ಪಡೆದರು. ಆದರೆ ಹುಟ್ಟಿದೂರಿನಲ್ಲಿ ಕೆಲಸ ದೊರೆಯಲಿಲ್ಲ. ಆ ಕಾಲದ ಏರ್ಪಾಡನ್ನು ಇಲ್ಲಿ ಸ್ವಲ್ಪ ವಿವರಿಸಬೇಕು. ಕರಿಯರಿಗೂ ಬಿಳಿಯರಿಗೂ ಬೇರೆ ಬೇರೆ ಏರ್ಪಾಡುಗಳಿರಬಹುದು, ಅವು ಸಮಾನವಾಗಿದ್ದರೆ ಸಾಕು ಎಂದು ಅಮೆರಿಕಾದ ಸರ್ವೋಚ್ಚ ನ್ಯಾಯಾಲಯವು 1896ರಲ್ಲಿ ತೀರ್ಪು ಕೊಟ್ಟಿತ್ತು. ಬೇರ್ಪಡಿಸುವ ಮಾತು ಅಕ್ಷರಶಃ ನಡೆಯಿತು. ಸಮಾನತೆಯ ಮಾತು ಕಾಗದದ ಮೇಲೆ ಉಳಿಯಿತು. ಚಾರ್ಲ್‌ಸ್ಟನ್ ನಗರದಲ್ಲಂತೂ ಕರಿಯ ಮಕ್ಕಳ ಸರ್ಕಾರಿ ಶಾಲೆಗಳಲ್ಲಿಯೂ ಬಿಳಿಯರೇ ಉಪಾಧ್ಯಾಯರಾಗಿರಬೇಕೆಂಬ ಪದ್ಧತಿಯಿತ್ತು. ಆದುದರಿಂದ ಹದಿನೆಂಟು ವರ್ಷದ ಈ ಹುಡುಗಿ ದೋಣಿಯೇರಿ ಜಾನ್ಸ್ ದ್ವೀಪಕ್ಕೆ ಹೋಗಬೇಕಾಯಿತು.

ಆ ದ್ವೀಪದ ಶಾಲೆಯ ಹೆಸರು ‘ಪ್ರಾಮಿಸ್ ಲ್ಯಾಂಡ್’. ವಾಗ್ದಾನದ ಭೂಮಿಯೆಂಬ ಆ ಹೆಸರಿಗೂ ಆ ಕಟ್ಟಡಕ್ಕೂ ಸಂಬಂಧವಿರಲಿಲ್ಲ. ಮರದ ದಿಮ್ಮಿಗಳ ಎರಡು ಕೋಣೆ, ಕಿಟಕಿಗೆ ಗಾಜಿಲ್ಲ, ಒರಗುವುದಕ್ಕೆ ಆಸರೆಯಿಲ್ಲದ ಬೆಂಚುಗಳು. ಮಕ್ಕಳು 132 ಮಂದಿ, ಉಪಾಧ್ಯಾಯಿನಿಯರು ಇಬ್ಬರು. ದಾರಿಯ ಆಚೆಗೆ ಬಿಳಿಯರ ಶಾಲೆಯೊಂದಿತ್ತು; ಅಲ್ಲಿ ಮಕ್ಕಳು ಮೂವರು, ಉಪಾಧ್ಯಾಯಿನಿ ಒಬ್ಬರು. ಈಚೆಯ ಇಬ್ಬರ ಸಂಬಳವನ್ನೂ ಕೂಡಿಸಿದರೆ ಆಚೆಯ ಒಬ್ಬರ ಸಂಬಳಕ್ಕೆ ಸಮನಾಗುತ್ತಿರಲಿಲ್ಲ. ‘ಬೇರೆ, ಆದರೆ ಸಮಾನ’ ಎಂಬ ನ್ಯಾಯಸೂತ್ರಕ್ಕೆ ಇದಕ್ಕಿಂತ ಒಳ್ಳೆಯ ಭಾಷ್ಯ ಬೇಕಾಗಿಲ್ಲ.

ಸುಗ್ಗಿಯ ಕಾಲದಲ್ಲಿ ದೊಡ್ಡ ಮಕ್ಕಳು ಹೊಲದಲ್ಲಿರುತ್ತಿದ್ದರು. ಕೆಲಸ ಮುಗಿದಮೇಲೆ ಮಾತ್ರ ಶಾಲೆಗೆ ಬರುತ್ತಿದ್ದರು. ಪಠ್ಯಪುಸ್ತಕಗಳಿಲ್ಲದುದರಿಂದ ಸೆಪ್ಟಿಮಾ ಕಾಗದದ ಚೀಲಗಳನ್ನು ಬಿಡಿಸಿ, ಮಕ್ಕಳು ತಮ್ಮ ಸುತ್ತಿನ ಮರ, ಪ್ರಾಣಿ, ಹೊಲಗಳನ್ನು ಕುರಿತು ಹೇಳಿದ ಕಥೆಗಳನ್ನೇ ಅವುಗಳ ಮೇಲೆ ದೊಡ್ಡ ಅಕ್ಷರಗಳಲ್ಲಿ ಬರೆದು, ಅವರಿಂದಲೇ ಓದಿಸುತ್ತಿದ್ದರು. ಕಲಿಯುವವನ ಬಾಯಿಂದ ಬಂದ ಮಾತೇ ಅವನ ಮೊದಲ ಪಾಠವಾಗಬೇಕೆಂಬ ತತ್ತ್ವವನ್ನು ಆಕೆ ಶಿಕ್ಷಣಶಾಸ್ತ್ರದ ಗ್ರಂಥದಿಂದ ಕಲಿಯಲಿಲ್ಲ. ಪುಸ್ತಕವಿಲ್ಲದ ಬಡತನ ಕಲಿಸಿತು. ರಾತ್ರಿಯ ವೇಳೆ ದೊಡ್ಡವರೂ ಬರತೊಡಗಿದರು. ತಮ್ಮ ಸಂಘಗಳಲ್ಲಿ ಭಾಷಣ ಮಾಡಬೇಕು, ಕಟ್ಟಳೆಗಳನ್ನು ಓದಿಕೊಳ್ಳಬೇಕು ಎಂಬ ಆಸೆ ಅವರಿಗೆ. ಹಗಲು ಮಕ್ಕಳಿಗೂ ರಾತ್ರಿ ಅವರ ತಂದೆಗಳಿಗೂ ಒಬ್ಬರೇ ಗುರುವಾದರು.

1919ರಲ್ಲಿ ಆಕೆ ತಾವು ಓದಿದ ಎವೆರಿ ಸಂಸ್ಥೆಗೆ ಉಪಾಧ್ಯಾಯಿನಿಯಾಗಿ ಬಂದರು. ವರ್ಣೀಯ ಜನರ ಅಭ್ಯುದಯಕ್ಕಾಗಿ 1909ರಲ್ಲಿ ಸ್ಥಾಪಿತವಾಗಿದ್ದ ರಾಷ್ಟ್ರೀಯ ಸಂಘವನ್ನು ಸೇರಿದ್ದೂ ಆ ಕಾಲದಲ್ಲಿಯೇ. ಕರಿಯ ಮಕ್ಕಳ ಶಾಲೆಗಳಲ್ಲಿ ಕರಿಯರಿಗೂ ಉಪಾಧ್ಯಾಯ ಪದವಿ ಕೊಡಬೇಕೆಂದು ಸಂಘವು ಒಂದು ಮನವಿಯನ್ನು ಎತ್ತಿತು. ಕರಿಯರಲ್ಲಿ ಅದನ್ನು ಬಯಸುವವರು ಎಲ್ಲೋ ಕೆಲವರು ಮಾತ್ರ, ಆಳುಕಾಳುಗಳಿಗೆ ಅದು ಬೇಡ ಎಂದು ಅಧಿಕಾರಿಗಳ ವಾದ. ಸೆಪ್ಟಿಮಾ ತಮ್ಮ ತರಗತಿಯ ಮಕ್ಕಳೊಡನೆ ಬೀದಿಬೀದಿಗೂ ಹೋಗಿ, ಆ ಆಳುಕಾಳುಗಳ ಮನೆಬಾಗಿಲನ್ನೇ ತಟ್ಟಿ, ಸಾವಿರಾರು ರುಜುಗಳನ್ನು ತಂದರು. 1920ರಲ್ಲಿ ನಗರದ ಶಾಲೆಗಳು ಕರಿಯ ಉಪಾಧ್ಯಾಯರಿಗೆ ತೆರೆದುವು. ಕಾಗದದ ಮೇಲಿನ ಹೆಸರಿಗೆ ಎಷ್ಟು ಬಲವುಂಟೆಂಬುದನ್ನು ಆಕೆ ಮೊದಲ ಬಾರಿಗೆ ಕಂಡದ್ದು ಆಗ.

ಗೃಹಸೌಖ್ಯವು ಆಕೆಯ ಪಾಲಿಗೆ ಅಲ್ಪವಾಗಿತ್ತು. 1920ರಲ್ಲಿ ನೀರಿ ಕ್ಲಾರ್ಕ್ ಎಂಬ ನಾವಿಕನನ್ನು ಮದುವೆಯಾದರು. ಮೊದಲ ಕೂಸು ಹುಟ್ಟಿ ಕೆಲವೇ ದಿನಗಳಲ್ಲಿ ಕಣ್ಮುಚ್ಚಿತು. 1925ರಲ್ಲಿ ಮಗನು ಹುಟ್ಟಿದನು. ಅದೇ ವರ್ಷ ಪತಿ ಮೂತ್ರಪಿಂಡದ ರೋಗದಿಂದ ಮೃತನಾದನು. ಉಪಾಧ್ಯಾಯಿನಿಯ ಸಂಬಳದಲ್ಲಿ ಮಗುವನ್ನು ಸಾಕುವುದು ಕಷ್ಟವಾಗಿ, ಅವನನ್ನು ಉತ್ತರ ಕೆರೊಲೈನಾದಲ್ಲಿದ್ದ ಅತ್ತೆಮಾವಂದಿರ ಬಳಿ ಬಿಡಬೇಕಾಯಿತು. ಸಾವಿರಾರು ಜನರ ಮಕ್ಕಳಿಗೆ ಅಕ್ಷರ ಕಲಿಸಿದ ತಾಯಿ, ತನ್ನ ಮಗನು ಬೆಳೆಯುವುದನ್ನು ದೂರದಿಂದ ನೋಡಿದರು.

ಮುಂದೆ ಸುಮಾರು ಹದಿನೆಂಟು ವರ್ಷ ಆ ಸಂಸ್ಥಾನದ ರಾಜಧಾನಿಯಾದ ಕೊಲಂಬಿಯಾ ನಗರದಲ್ಲಿ ಕೆಲಸ. ಬೇಸಗೆಯ ರಜೆಗಳಲ್ಲಿ ತಾವೇ ವಿದ್ಯಾರ್ಥಿನಿ. 1937ರಲ್ಲಿ ಅಟ್ಲಾಂಟಾ ವಿಶ್ವವಿದ್ಯಾಲಯದಲ್ಲಿ ಮಹಾವಿದ್ವಾಂಸರಾದ ಡು ಬೋಯ್ಸ್ ಅವರ ಶಿಷ್ಯೆಯಾಗಿದ್ದರು. 1942ರಲ್ಲಿ ಬಿ.ಎ. ಪದವಿ; 1946ರಲ್ಲಿ, ನಲವತ್ತೆಂಟನೆಯ ವಯಸ್ಸಿನಲ್ಲಿ, ಎಂ.ಎ. ಪದವಿ. ಈ ನಡುವೆ, ಒಂದೇ ಯೋಗ್ಯತೆಯ ಕರಿಯ ಮತ್ತು ಬಿಳಿಯ ಉಪಾಧ್ಯಾಯರಿಗೆ ಒಂದೇ ಸಂಬಳ ಕೊಡಬೇಕೆಂಬ ವ್ಯಾಜ್ಯವು ನ್ಯಾಯಾಲಯಕ್ಕೆ ಬಂದಿತು. ರಾಷ್ಟ್ರೀಯ ಸಂಘದ ವಕೀಲರಾದ ಥರ್ಗುಡ್ ಮಾರ್ಷಲ್ ಅವರೊಡನೆ ಸೆಪ್ಟಿಮಾ ಈ ವ್ಯಾಜ್ಯಕ್ಕಾಗಿ ದುಡಿದರು. 1945ರಲ್ಲಿ ತೀರ್ಪು ಉಪಾಧ್ಯಾಯರ ಪರವಾಗಿ ಆಯಿತು. ತೀರ್ಪು ಕೊಟ್ಟ ನ್ಯಾಯಾಧೀಶ ವೇಟೀಸ್ ವೇರಿಂಗ್ ಚಾರ್ಲ್‌ಸ್ಟನ್ನಿನ ಹಳೆಯ ಬಿಳಿಯ ಮನೆತನದವರು. ಇಂಥ ತೀರ್ಪುಗಳಿಗಾಗಿ ಅವರ ಕುಲದವರೇ ಅವರನ್ನು ಬಹಿಷ್ಕರಿಸಿದರು. ಮುಂದೆ, 1947ರಲ್ಲಿ ಸೆಪ್ಟಿಮಾ ಚಾರ್ಲ್‌ಸ್ಟನ್ನಿಗೆ ಹಿಂದಿರುಗಿದಮೇಲೆ, ಈ ದಂಪತಿಗಳ ಮನೆಗೆ ಹೋಗಿಬರುವಷ್ಟು ಸ್ನೇಹ ಬೆಳೆಯಿತು. ಆ ಸ್ನೇಹವನ್ನು ಬಿಳಿಯರೂ ಮೆಚ್ಚಲಿಲ್ಲ. ಅದರಿಂದ ಏನು ಕೇಡು ಬರುವುದೋ ಎಂದು ಕರಿಯರಲ್ಲಿಯೂ ಅನೇಕರು ಹೆದರಿದರು.

1954ರಲ್ಲಿ ಸರ್ವೋಚ್ಚ ನ್ಯಾಯಾಲಯವು ತನ್ನ ಹಳೆಯ ಸೂತ್ರವನ್ನು ತಾನೇ ಹಿಂತೆಗೆದುಕೊಂಡು, ಶಾಲೆಗಳಲ್ಲಿ ವರ್ಣಭೇದವು ರಾಜ್ಯಾಂಗಕ್ಕೆ ವಿರುದ್ಧವೆಂದು ಸಾರಿತು. ದಕ್ಷಿಣದ ಸಂಸ್ಥಾನಗಳು ಕೆರಳಿದುವು. ತೀರ್ಪಿಗೆ ಕಾರಣವಾದ ರಾಷ್ಟ್ರೀಯ ಸಂಘವನ್ನು ಮುರಿಯಬೇಕೆಂದು ದಕ್ಷಿಣ ಕೆರೊಲೈನಾದ ಶಾಸನಸಭೆಯು 1956ರಲ್ಲಿ ಒಂದು ಕಾನೂನನ್ನು ಮಾಡಿ, ಸರ್ಕಾರದ ನೌಕರರು ಯಾರೂ ಆ ಸಂಘದ ಸದಸ್ಯರಾಗಿರಕೂಡದೆಂದು ವಿಧಿಸಿತು. ನೀವು ಸದಸ್ಯರೋ ಅಲ್ಲವೋ ಎಂದು ಉಪಾಧ್ಯಾಯರನ್ನು ಕೇಳಲಾಯಿತು. ಹಲವರು ಆ ಪ್ರಶ್ನೆಗೆ ಉತ್ತರ ಬರೆಯಲಿಲ್ಲ; ಹಲವರು ಅಲ್ಲವೆಂದರು. ಸೆಪ್ಟಿಮಾ ಹೌದೆಂದರು. ಆಕೆಗೆ ಆಗ ಐವತ್ತೆಂಟು ವರ್ಷ. ಸೇವೆಗೆ ನಲವತ್ತು ವರ್ಷ. ಕೆಲಸ ಹೋಯಿತು, ಅದರೊಡನೆ ವಿಶ್ರಾಂತಿವೇತನವೂ ಹೋಯಿತು.

ಇದಕ್ಕಿಂತಲೂ ಹೆಚ್ಚು ನೋವಿನ ಸಂಗತಿ ಇನ್ನೊಂದುಂಟು. ಈ ಕಾನೂನು ಅನ್ಯಾಯವೆಂದು ಎಲ್ಲರೂ ಒಟ್ಟಾಗಿ ಹೇಳೋಣವೆಂದು ಆಕೆ ಕರಿಯ ಉಪಾಧ್ಯಾಯರಿಗೆ ತಮ್ಮ ರುಜುವಿನಿಂದ 726 ಕಾಗದಗಳನ್ನು ಬರೆದರು. ಉತ್ತರ ಬಂದುದು 26. ಅಧಿಕಾರಿಗಳನ್ನು ಕಾಣಲು ಹೊರಟ ದಿನ ಜೊತೆಗೆ ಬಂದವರು ಕೈಬೆರಳುಗಳಷ್ಟು. ಆಕೆಯ ಗೌರವಾರ್ಥವಾಗಿ ಸ್ತ್ರೀಸಂಘವೊಂದು ಸತ್ಕಾರವನ್ನೇರ್ಪಡಿಸಿದಾಗಲೂ, ಆಕೆಯ ಪಕ್ಕದಲ್ಲಿ ನಿಂತು ಚಿತ್ರ ತೆಗೆಸಿಕೊಳ್ಳಲು ಸಹೋದ್ಯೋಗಿಗಳಿಗೆ ಧೈರ್ಯ ಬರಲಿಲ್ಲ. ಚಿತ್ರದಲ್ಲಿ ಕಂಡರೆ ಅವರ ಕೆಲಸವೂ ಹೋದೀತೆಂಬ ಭಯ.

ಇಲ್ಲಿ ಇನ್ನೊಬ್ಬರಾಗಿದ್ದರೆ ತಮ್ಮ ಜನರನ್ನು ಹೇಡಿಗಳೆಂದು ನಿಂದಿಸಿ ಮೂಲೆ ಸೇರುತ್ತಿದ್ದರು. ಸೆಪ್ಟಿಮಾ ಹಾಗೆ ಮಾಡಲಿಲ್ಲ. ತರಗತಿಯೆಲ್ಲವೂ ಒಂದು ಪ್ರಶ್ನೆಗೆ ತಪ್ಪು ಉತ್ತರ ಕೊಟ್ಟರೆ, ಒಳ್ಳೆಯ ಉಪಾಧ್ಯಾಯನು ದೋಷ ಪಾಠದಲ್ಲಿರಬಹುದೇ ಎಂದು ನೋಡುತ್ತಾನೆ. ಇದು ನನ್ನ ಜೀವನದ ದೊಡ್ಡ ಸೋಲುಗಳಲ್ಲಿ ಒಂದು ಎಂದು ಆಕೆ ಒಪ್ಪಿಕೊಂಡರು. ಒಳಗಿನಿಂದ ಸಿದ್ಧರಾಗದವರನ್ನು ಹೊರಗಿನಿಂದ ನೂಕಿದೆ, ಅದು ನನ್ನ ತಪ್ಪು ಎಂದುಕೊಂಡರು. ಹಾಗಾದರೆ ಜನರು ಒಳಗಿನಿಂದ ಸಿದ್ಧರಾಗುವುದು ಹೇಗೆ? ಈ ಪ್ರಶ್ನೆಗೆ ಉತ್ತರ ಹುಡುಕಿದುದೇ ಆಕೆಯ ಮುಂದಿನ ಬಾಳು.

ಟೆನೆಸೀ ಸಂಸ್ಥಾನದ ಬೆಟ್ಟಗಳ ನಡುವೆ ಮೈಲ್ಸ್ ಹಾರ್ಟನ್ ಎಂಬವರು ನಡೆಸುತ್ತಿದ್ದ ಹೈಲ್ಯಾಂಡರ್ ಜನಶಾಲೆಯಲ್ಲಿ ಕರಿಯರೂ ಬಿಳಿಯರೂ ಒಂದೇ ಮೇಜಿನಲ್ಲಿ ಊಟ ಮಾಡಿ, ಒಂದೇ ಕೋಣೆಯಲ್ಲಿ ಚರ್ಚೆ ಮಾಡುತ್ತಿದ್ದರು. ಸೆಪ್ಟಿಮಾ 1954ರಿಂದ ಅಲ್ಲಿಗೆ ಹೋಗಿಬರುತ್ತಿದ್ದರು. 1955ರ ಬೇಸಗೆಯಲ್ಲಿ ಆಕೆ ನಡೆಸಿದ ಶಿಬಿರಕ್ಕೆ ಬಂದವರಲ್ಲಿ ಅಲಬಾಮಾದ ರೋಸಾ ಪಾರ್ಕ್ಸ್ ಎಂಬ, ಹೆಚ್ಚು ಮಾತನಾಡದ ಮಹಿಳೆಯೊಬ್ಬರು. ಅದೇ ವರ್ಷದ ಡಿಸೆಂಬರಿನಲ್ಲಿ ಈಕೆ ಮಾಂಟ್‌ಗೊಮರಿಯ ಬಸ್ಸಿನಲ್ಲಿ ಬಿಳಿಯನಿಗೆ ಜಾಗ ಬಿಟ್ಟುಕೊಡಲು ನಿರಾಕರಿಸಿದುದನ್ನು ತಾವೆಲ್ಲ ಬಲ್ಲಿರಿ. ಕೆಲಸ ಕಳೆದುಕೊಂಡ ಸೆಪ್ಟಿಮಾ ಅವರನ್ನು ಹಾರ್ಟನ್ ತಮ್ಮ ಶಾಲೆಯ ಶಿಬಿರಗಳಿಗೆ ನಿರ್ದೇಶಕಿಯಾಗಿ ನೇಮಿಸಿಕೊಂಡರು.

ದಕ್ಷಿಣ ಕೆರೊಲೈನಾದ 1895ರ ರಾಜ್ಯಾಂಗದ ಪ್ರಕಾರ ಮತದಾರನಾಗಬೇಕಾದರೆ ಅದರ ಒಂದು ಭಾಗವನ್ನು ಓದಿ ಬರೆದು ತೋರಿಸಬೇಕು, ಇಲ್ಲವೆ ಮುನ್ನೂರು ಡಾಲರಿನ ಆಸ್ತಿಯಿರಬೇಕು. ಓದಲು ಬಾರದವನಿಗೂ ಮತವುಂಟೆಂದು 1950ರಲ್ಲಿ ನಿರ್ಧರಿಸಿದ ದೇಶದವರಾದ ನಮಗೆ ಇದು ವಿಚಿತ್ರವಾಗಿ ಕಾಣಬಹುದು. ಮೊದಲು ಅಕ್ಷರವನ್ನು ಕಸಿದು, ಆಮೇಲೆ ಅಕ್ಷರವಿಲ್ಲವೆಂದು ಹಕ್ಕನ್ನು ಕಸಿಯುವ ಈ ಜಾಣತನವೇ ದಕ್ಷಿಣದ ಬಿಳಿಯರ ಪ್ರಭುತ್ವಕ್ಕೆ ಬೀಗದ ಕೈಯಾಗಿತ್ತು. ಸೆಪ್ಟಿಮಾ ಕೈಹಾಕಿದ್ದು ಆ ಬೀಗಕ್ಕೆ.

ಆಕೆ ಮೊದಲು ಕಲಿಸಿದ ಜಾನ್ಸ್ ದ್ವೀಪದಿಂದಲೇ ಕೆಲಸ ಪ್ರಾರಂಭವಾಯಿತು. ಅಲ್ಲಿ ಈಸಾ ಜೆಂಕಿನ್ಸ್ ಎಂಬವರು ದ್ವೀಪದ ಕೂಲಿಗಾರರನ್ನು ತಮ್ಮ ಬಸ್ಸಿನಲ್ಲಿ ಪಟ್ಟಣಕ್ಕೆ ಕರೆದೊಯ್ಯುತ್ತಿದ್ದರು. ಓದು ಕಲಿಸಿದರೆ ಮತ ಹಾಕುತ್ತೇನೆ ಎಂದು ಪ್ರಯಾಣಿಕಳೊಬ್ಬಳು ಕೇಳಿದುದರಿಂದ, ದಾರಿಯಲ್ಲಿ ರಾಜ್ಯಾಂಗದ ವಾಕ್ಯಗಳನ್ನು ಹೇಳಿಕೊಡಲು ಆರಂಭಿಸಿದ್ದರು. ಬಸ್ಸಿನ ಪಾಠ ಸಾಲದಾಯಿತು, ಸ್ಥಳ ಬೇಕಾಯಿತು. ಹೈಲ್ಯಾಂಡರ್ ಸಾಲವಾಗಿ ಕೊಟ್ಟ ಹಣದಿಂದ ಒಂದು ಕಟ್ಟಡವನ್ನು ಕೊಂಡು, ಮುಂಭಾಗದಲ್ಲಿ ಸಹಕಾರದ ದಿನಸಿ ಅಂಗಡಿಯನ್ನೂ ಹಿಂಭಾಗದಲ್ಲಿ ಎರಡು ಕೋಣೆಗಳನ್ನೂ ಮಾಡಿದರು. ಅಂಗಡಿ ಎದುರಿಗಿದ್ದರೆ ಹಿಂದೆ ಶಾಲೆ ನಡೆಯುವುದು ಬಿಳಿಯರ ಕಣ್ಣಿಗೆ ಬೀಳದೆಂಬ ಉಪಾಯ. 1957ರ ಜನವರಿ 7ರಂದು, 14 ಮಂದಿ ವಯಸ್ಕರೊಡನೆ, ಆ ಹಿಂದಿನ ಕೋಣೆಯಲ್ಲಿ ಮೊದಲನೆಯ ಪೌರಶಾಲೆ ತೆರೆಯಿತು.

ಅಲ್ಲಿಗೆ ಸೆಪ್ಟಿಮಾ ಆರಿಸಿದ ಗುರು ಉಪಾಧ್ಯಾಯಿನಿಯಲ್ಲ; ಬರ್ನೀಸ್ ರಾಬಿನ್‌ಸನ್ ಎಂಬ ತಮ್ಮ ಬಂಧುವಾದ, ತಲೆಗೂದಲು ಸಿಂಗರಿಸುವ ಕಸುಬಿನವರು. ಈ ಆಯ್ಕೆಯಲ್ಲಿ ಎರಡು ವಿವೇಕಗಳಿದ್ದುವು. ಆ ಕಸುಬಿನ ಗಿರಾಕಿಗಳೆಲ್ಲರೂ ಕರಿಯ ಹೆಂಗಸರಾದುದರಿಂದ ಬಿಳಿಯರು ಆಕೆಯ ಅನ್ನಕ್ಕೆ ಕಲ್ಲು ಹಾಕಲಾರರು. ಅಲ್ಲದೆ, ತರಬೇತಾದ ಉಪಾಧ್ಯಾಯರು ವಯಸ್ಸಾದವರನ್ನು ಮಕ್ಕಳಂತೆ ಗದರಿಸುವುದುಂಟು. ಆ ದೋಷ ಈಕೆಗಿಲ್ಲ. ಮೊದಲ ದಿನ ಬರ್ನೀಸ್, ನಾನು ಉಪಾಧ್ಯಾಯಿನಿಯಲ್ಲ, ಕೂಡಿ ಕಲಿಯೋಣ, ನಿಮಗೆ ಏನು ಬೇಕು ಹೇಳಿ ಎಂದು ಕೇಳಿದರು. ತಮ್ಮ ಹೆಸರು ಬರೆಯಬೇಕು, ಬೈಬಲ್ ಓದಬೇಕು, ಅಂಚೆಯಲ್ಲಿ ಸಾಮಾನು ತರಿಸುವ ಕಾಗದವನ್ನು ತುಂಬಬೇಕು, ಮತದಾರರ ಪರೀಕ್ಷೆಯಲ್ಲಿ ಗೆಲ್ಲಬೇಕು. ಇವೇ ಅಲ್ಲಿನ ಪಠ್ಯಕ್ರಮವಾದುವು. ರಟ್ಟಿನ ಮೇಲೆ ಹೆಸರನ್ನು ಬರೆದುಕೊಟ್ಟು, ಅದರ ಮೇಲೆ ಮತ್ತೆ ಮತ್ತೆ ತಿದ್ದಿಸುತ್ತಿದ್ದರು. ನೇಗಿಲು ಗುದ್ದಲಿಗಳ ಬಿಗಿ ಹಿಡಿತಕ್ಕೆ ಒಗ್ಗಿದ ಕೈಗಳಲ್ಲಿ ಪೆನ್ಸಿಲುಗಳು ಮುರಿಯುತ್ತಿದ್ದುವು. ಮುರಿದರೆ ಇನ್ನೊಂದು ಪೆನ್ಸಿಲು ಕೊಡುವುದು, ಬೈಯುವುದಿಲ್ಲ. ಹೆಬ್ಬೆಟ್ಟಿನ ಅಥವಾ ಕತ್ತರಿಗೆರೆಯ ಗುರುತಿನಲ್ಲಿ ಅರವತ್ತು ವರ್ಷ ಕಳೆದವನು ತನ್ನ ಹೆಸರನ್ನು ತಾನೇ ಬರೆದ ದಿನ, ಅವನ ಬೆನ್ನು ನೆಟ್ಟಗಾಗುವುದನ್ನು ಆಕೆ ಕಂಡರು. ಒಳಗಿನಿಂದ ಸಿದ್ಧವಾಗುವುದೆಂದರೆ ಅದೇ.

ಪಕ್ಕದ ದ್ವೀಪಗಳವರೂ ತಮಗೊಂದು ಶಾಲೆ ಬೇಕೆಂದರು. ಅಂಗಡಿಯ ಹಿಂದೆ, ದೇವಾಲಯದಲ್ಲಿ, ಮನೆಯ ಅಡಿಗೆಮನೆಯಲ್ಲಿ ಶಾಲೆಗಳು ಹುಟ್ಟಿದುವು. ಎದುರಾಳಿಗಳೂ ಸುಮ್ಮನಿರಲಿಲ್ಲ. 1959ರ ಜುಲೈ 31ರ ರಾತ್ರಿ ಟೆನೆಸೀ ಪೊಲೀಸರು ಹೈಲ್ಯಾಂಡರಿಗೆ ನುಗ್ಗಿ, ಮದ್ಯ ಇಟ್ಟುಕೊಂಡಿದ್ದರೆಂಬ ನೆಪದಿಂದ ಸೆಪ್ಟಿಮಾ ಅವರನ್ನು ಸೆರೆಹಿಡಿದರು. ಆ ಆರೋಪವು ಮುಂದೆ ನಿಲ್ಲಲಿಲ್ಲ. ಆದರೆ ಶಾಲೆಯನ್ನು ಮುಚ್ಚಿಸುವುದಕ್ಕೆ ಅದೊಂದು ಮೆಟ್ಟಿಲಾಯಿತು. 1961ರಲ್ಲಿ ಪೌರಶಾಲೆಗಳ ಕಾರ್ಯವನ್ನು ಮಾರ್ಟಿನ್ ಲೂಥರ್ ಕಿಂಗ್ ಅವರ ದಕ್ಷಿಣ ಕ್ರೈಸ್ತ ನಾಯಕತ್ವ ಪರಿಷತ್ತು ವಹಿಸಿಕೊಂಡಿತು. ಜಾರ್ಜಿಯಾದ ಡಾರ್ಚೆಸ್ಟರ್ ಕೇಂದ್ರದಲ್ಲಿ ಡಾರತಿ ಕಾಟನ್, ಆಂಡ್ರೂ ಯಂಗ್ ಅವರೊಡನೆ ಸೆಪ್ಟಿಮಾ ಹಳ್ಳಿಹಳ್ಳಿಗಳಿಂದ ಬಂದ ರೈತರಿಗೆ, ದರ್ಜಿಗಳಿಗೆ, ಅಗಸಗಿತ್ತಿಯರಿಗೆ ಗುರುವಾಗುವುದನ್ನು ಕಲಿಸಿದರು. ಅವರು ಊರಿಗೆ ಹೋಗಿ ತಮ್ಮ ನೆರೆಯವರಿಗೆ ಕಲಿಸಿದರು. ಹೀಗೆ ದಕ್ಷಿಣದಲ್ಲೆಲ್ಲ ನೂರಾರು ಪೌರಶಾಲೆಗಳಾದುವು. ಓದುಬರಹದ ಪರೀಕ್ಷೆಯನ್ನು ದಕ್ಷಿಣದಲ್ಲಿ ತಡೆಹಿಡಿದ ಮತಾಧಿಕಾರ ಶಾಸನವು 1965ರಲ್ಲಿ ಬಂದಾಗ, ಆ ಹಕ್ಕನ್ನು ಉಪಯೋಗಿಸಲು ಬಲ್ಲ ಜನರು ಆಗಲೇ ಸಿದ್ಧರಾಗಿದ್ದರು.

ಸ್ವಪಕ್ಷದಲ್ಲಿಯೂ ಆಕೆಗೆ ತಕ್ಕ ಮನ್ನಣೆ ಇತ್ತೆಂದು ಹೇಳಲಾಗದು. 1964ರಲ್ಲಿ ಕಿಂಗ್ ಅವರು ನೊಬೆಲ್ ಬಹುಮಾನವನ್ನು ಸ್ವೀಕರಿಸಲು ಆಸ್ಲೋ ನಗರಕ್ಕೆ ಹೋದಾಗ ಆಕೆಯನ್ನೂ ಕರೆದುಕೊಂಡು ಹೋದರು, ನಿಜ. ಆದರೆ ಪರಿಷತ್ತಿನ ಸಭೆಗಳಲ್ಲಿ ಗಂಡಸರು ಹೆಂಗಸರ ಮಾತಿಗೆ ಕಿವಿಗೊಡುತ್ತಿರಲಿಲ್ಲವೆಂದು ಆಕೆ ಮುಂದೆ ನೇರವಾಗಿ ಹೇಳಿದ್ದಾರೆ. ಎಲ್ಲ ಮೆರವಣಿಗೆಗಳಿಗೂ ತಾವೇ ಮುಂದಾಳಾಗದೆ ಆಯಾ ಊರಿನವರನ್ನು ಮುಂದೆ ಬಿಡಿ ಎಂದು ಆಕೆ ಕಿಂಗ್ ಅವರಿಗೆ ಬರೆದ ಕಾಗದವನ್ನು ಸಭೆಯಲ್ಲಿ ಓದಿದಾಗ ಕುಳಿತವರು ನಕ್ಕರಂತೆ. ನಗುವಂಥದು ಅದರಲ್ಲಿ ಏನೂ ಇರಲಿಲ್ಲ. ಶಿಷ್ಯನು ತನ್ನ ಕಾಲಮೇಲೆ ನಿಲ್ಲುವವರೆಗೆ ಗುರುವಿನ ಕೆಲಸ ಮುಗಿಯಲಿಲ್ಲವೆಂದು ಆಕೆ ಬಲ್ಲರು, ಅಷ್ಟೆ.

ಕಾಲವು ಕೆಲವು ಲೆಕ್ಕಗಳನ್ನು ತೀರಿಸಿತು. 1975ರಲ್ಲಿ ಚಾರ್ಲ್‌ಸ್ಟನ್ ಜಿಲ್ಲೆಯ ಮತದಾರರು ಆಕೆಯನ್ನು ಶಾಲಾಮಂಡಲಿಗೆ ಸದಸ್ಯೆಯನ್ನಾಗಿ ಆರಿಸಿದರು. 1976ರಲ್ಲಿ ಸಂಸ್ಥಾನದ ಗವರ್ನರು ವಿಶ್ರಾಂತಿವೇತನವನ್ನು ಮತ್ತೆ ಕೊಡಿಸಿದರು. ಹಳೆಯ ಸಂಬಳದ ಬಾಕಿಯನ್ನು ಸಲ್ಲಿಸಬೇಕೆಂದು 1981ರಲ್ಲಿ ಶಾಸನಸಭೆಯು ಒಪ್ಪಿದಾಗ ಆಕೆಗೆ ಎಂಬತ್ತಮೂರು ವರ್ಷ. 1987ರ ಡಿಸೆಂಬರ್ 15ರಂದು ಆಕೆ ಕಾಲವಾದರು. ಕೊನೆಯುಸಿರು ಹೋದುದು ಜಾನ್ಸ್ ದ್ವೀಪದಲ್ಲಿ. ಹದಿನೆಂಟರ ಹುಡುಗಿಯಾಗಿ ಕೈಯಲ್ಲಿ ಸೀಮೆಸುಣ್ಣ ಹಿಡಿದ ಸ್ಥಳದಲ್ಲಿಯೇ.

ನಾನೂ ಪಾಠ ಹೇಳಿ ಜೀವಿಸುವವನು. ಈ ಚರಿತ್ರೆಯನ್ನು ಓದಿದಾಗಲೆಲ್ಲ ನನ್ನನ್ನು ಕಾಡುವುದು ಆಕೆ ಬರೆದ ‘ಹೌದು’ ಎಂಬ ಉತ್ತರವಲ್ಲ. ಅಂಥ ಧೈರ್ಯ ಎಲ್ಲರಿಗೂ ಬರುವುದಿಲ್ಲ, ಬರಬೇಕೆಂದು ಆಕೆಯೂ ಕೇಳಲಿಲ್ಲ. ನನ್ನನ್ನು ಕಾಡುವುದು ಉತ್ತರ ಬಾರದ ಆ ಏಳುನೂರು ಕಾಗದಗಳು. ಅವುಗಳನ್ನು ಮೇಜಿನ ಸೆಳೆಖಾನೆಯಲ್ಲಿ ಮುಚ್ಚಿಟ್ಟು ಮರುದಿನ ತರಗತಿಗೆ ಹೋದವರೂ ಸಜ್ಜನರೇ, ಸಂಸಾರಸ್ಥರೇ, ಅವರ ಭಯ ಬರಿಯ ಭ್ರಮೆಯೂ ಅಲ್ಲ. ಸೆಪ್ಟಿಮಾ ಅವರನ್ನು ದ್ವೇಷಿಸಲಿಲ್ಲ. ಭಯವನ್ನೂ ಆಕೆ ಒಂದು ಬಗೆಯ ಅಜ್ಞಾನವೆಂದು ಎಣಿಸಿ, ಅಜ್ಞಾನಕ್ಕೆ ಉಪಾಧ್ಯಾಯಿನಿ ಮಾಡಬೇಕಾದುದನ್ನೇ ಮಾಡಿದರು: ಪೆನ್ಸಿಲು ಕೊಟ್ಟರು, ಮುರಿದರೆ ಇನ್ನೊಂದು ಕೊಟ್ಟರು, ಹೆಸರು ಬರೆಯುವವರೆಗೆ ಪಕ್ಕದಲ್ಲಿ ಕುಳಿತರು.